ಲಿಯಾನಿನ ರೇಷ್ಮೆ: ಮನೆತನ ಯಾರದು, ಮಗ್ಗ ಯಾರದು

(ವಸ್ತ್ರವಿನ್ಯಾಸದ ವಿದ್ಯಾರ್ಥಿಗಳು ಮತ್ತು ಕೆಲವು ನೇಕಾರ ಮಿತ್ರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಂದು ಹೇಳದೆ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಸ್ನೇಹಿತರೇ,

ಫ್ರಾನ್ಸಿನ ಲಿಯಾನ್ ನಗರದಲ್ಲಿ ಕೈಮಗ್ಗದ ಮೇಲೆ ರೇಷ್ಮೆ ಮಖಮಲ್ ನೇಯುವವರು ಇಂದಿಗೂ ಇದ್ದಾರೆ. ನಕ್ಷೆ ಕ್ಲಿಷ್ಟವಾಗಿದ್ದರೆ ಬೆಳಗಿನಿಂದ ಸಂಜೆಯವರೆಗೆ ಕೂತರೂ ಕೆಲವೇ ಸೆಂಟಿಮೀಟರ್ ಬಟ್ಟೆ ಆಗುತ್ತದೆ. ಅದರ ಬೆಲೆ ಮೀಟರಿಗೆ ಸಾವಿರಾರು ಯೂರೋ. ಇದನ್ನು ಕೇಳಿದವರಲ್ಲಿ ಅರ್ಧ ಜನ ಪರಂಪರೆ ಎಂದರೆ ಇದು ಎಂದು ಕೈಮುಗಿಯುತ್ತಾರೆ, ಉಳಿದರ್ಧ ಜನ ದುಡ್ಡಿದ್ದವರ ಶೋಕಿ ಎಂದು ಮುಖ ತಿರುಗಿಸುತ್ತಾರೆ. ನನಗೆ ಎರಡೂ ಅವಸರದ ತೀರ್ಮಾನಗಳಾಗಿ ಕಾಣುತ್ತವೆ. ಆ ಮಗ್ಗ ಇಷ್ಟು ಕಾಲ ಯಾರ ಖರ್ಚಿನಲ್ಲಿ ಉಳಿಯಿತು, ಉಳಿಸಿದವರಿಗೆ ಅದರಿಂದ ಏನು ಸಿಕ್ಕಿತು ಎಂದು ಮೊದಲು ಕೇಳಬೇಕು.

ಲಿಯಾನಿನಲ್ಲಿ ಹಳೆಯ ಹೆಸರಿನ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಪ್ರೆಲ್ ಎಂಬ ಸಂಸ್ಥೆ ತನ್ನ ಆರಂಭವನ್ನು 1752ರಿಂದ ಎಣಿಸುತ್ತದೆ. ಈಗಲೂ ಅದು ಕುಟುಂಬದ ಒಡೆತನದಲ್ಲಿದೆ. ತಸ್ಸಿನಾರಿ ಎ ಶಾತೆಲ್ ತನ್ನ ಮೂಲವನ್ನು 1680ಕ್ಕೆ ಒಯ್ಯುತ್ತದೆ. ಅದೀಗ 1914ರಲ್ಲಿ ಶುರುವಾದ ಲೆಲಿಯೆವ್ರ್ ಎಂಬ ಇನ್ನೊಂದು ಕುಟುಂಬ ಸಂಸ್ಥೆಯ ಆಸರೆಯಲ್ಲಿದೆ. ಪ್ಯಾರಿಸಿನ ಪಿಯೆರ್ ಫ್ರೇ 1935ರದ್ದು. ಅದೂ ತಂದೆಮಕ್ಕಳು ನಡೆಸುವ ಮನೆಯೇ. ತೂರ್ ನಗರದ ಲ ಮನಾಕ್ ಎಂಬ ಹಳೆಯ ನೇಯ್ಗೆ ಸಂಸ್ಥೆಯನ್ನು ಅದು 2013ರಲ್ಲಿ ಕೊಂಡುಕೊಂಡಿತು. ಇವರೆಲ್ಲ ಉಡುವ ಬಟ್ಟೆಯನ್ನು ನಂಬಿ ಕೂತವರಲ್ಲ. ಗೋಡೆಗೆ ಹೊದಿಸುವ, ಕುರ್ಚಿ ಮಂಚಗಳಿಗೆ ಹಾಕುವ, ಪರದೆ ಮಾಡುವ ಬಟ್ಟೆ ಇವರದು. ಗೋಡೆಗೆ ರೇಷ್ಮೆ ಹೊದಿಸುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಚಳಿಯ ದೇಶದ ಕಲ್ಲಿನ ಅರಮನೆಗಳಲ್ಲಿ ಅದು ಅಲಂಕಾರವೂ ಹೌದು, ಬೆಚ್ಚಗಿನ ಹೊದಿಕೆಯೂ ಹೌದು.

ಇವರ ಕಥೆ ಎಲ್ಲಿಂದ ಶುರುವಾಗುತ್ತದೆ ಎಂದು ಬೇಗ ಹೇಳಿ ಮುಗಿಸುತ್ತೇನೆ. ಹದಿನೈದನೆಯ ಶತಮಾನದಲ್ಲಿ ಫ್ರಾನ್ಸಿನ ಸಿರಿವಂತರ ರೇಷ್ಮೆಯೆಲ್ಲ ಇಟಲಿಯಿಂದ ಬರುತ್ತಿತ್ತು. ಚಿನ್ನ ಗಡಿ ದಾಟಿ ಹೋಗುವುದನ್ನು ತಡೆಯಲು ಹನ್ನೊಂದನೇ ಲೂಯಿ 1466ರಲ್ಲಿ ಲಿಯಾನಿನಲ್ಲೇ ರೇಷ್ಮೆ ನೇಯಿಸಲು ಹೊರಟ. ಊರಿನ ವ್ಯಾಪಾರಿಗಳಿಗೆ ಇಟಲಿಯ ಮಾಲು ಮಾರುವುದೇ ಲಾಭವಾಗಿದ್ದರಿಂದ ಅವರು ಸಹಕರಿಸಲಿಲ್ಲ, ಮಗ್ಗಗಳು ತೂರ್ ನಗರಕ್ಕೆ ಹೋದವು. 1536ರಲ್ಲಿ ಒಂದನೇ ಫ್ರಾನ್ಸಿಸ್ ಎತಿಯೆನ್ ತ್ಯುರ್ಕೆ ಎಂಬ ವರ್ತಕನಿಗೆ ಪರವಾನಗಿ, ತೆರಿಗೆ ವಿನಾಯಿತಿ ಎಲ್ಲ ಕೊಟ್ಟ ಮೇಲೆಯೇ ಲಿಯಾನಿನಲ್ಲಿ ಮಗ್ಗ ನೆಲೆಯೂರಿದ್ದು. ಅಂದರೆ ಈ ಕಸುಬು ಆ ಮಣ್ಣಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಮೊದಲ ದಿನದಿಂದಲೂ ಅದು ಸರ್ಕಾರದ ಕೃಪೆ, ವರ್ತಕನ ಬಂಡವಾಳ, ಹೊರಗಿನಿಂದ ಬಂದ ಕೈಗಳ ಮೇಲೆ ನಿಂತದ್ದು. ಪರಂಪರೆಯ ಬಗ್ಗೆ ಮಾತನಾಡುವವರು ಇದನ್ನು ಮರೆಸಿ ಮಾತನಾಡುತ್ತಾರೆ.

ಈಗ ಮಗ್ಗದ ಹತ್ತಿರ ಹೋಗೋಣ. ಇಲ್ಲಿ ಕೂತಿರುವ ನೇಕಾರರಿಗೆ ಹಾಸು, ಹೊಕ್ಕು, ಲಾಳಿ, ಹಣಿಗೆ ಇವನ್ನೆಲ್ಲ ವಿವರಿಸಬೇಕಾಗಿಲ್ಲ. ಹೊಸಬರಿಗಾಗಿ ಇಷ್ಟು: ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅಡ್ಡಕ್ಕೆ ಹಾಯಿಸುವ ಎಳೆ ಹೊಕ್ಕು, ಅದನ್ನು ಒಯ್ಯುವುದು ಲಾಳಿ, ಬಡಿದು ಕೂರಿಸುವುದು ಹಣಿಗೆ. ಮಖಮಲ್ ಮಾತ್ರ ನಮ್ಮ ಮಗ್ಗಗಳಲ್ಲಿ ಕಾಣದ ವಸ್ತು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಖಮಲ್ಲಿಗೆ ಎರಡು ಹಾಸು ಬೇಕು. ಒಂದು ತಳದ ಬಟ್ಟೆಯದು. ಅದು ಎಂದಿನಂತೆ ಬಿಗಿಯಾಗಿ ದಿಂಡಿಗೆ, ಅಂದರೆ ಮಗ್ಗದ ಹಿಂದಿನ ಉರುಳೆಗೆ, ಸುತ್ತಿಕೊಂಡಿರುತ್ತದೆ. ಇನ್ನೊಂದು, ಮೇಲೆ ಕೂದಲಿನಂತೆ ಎದ್ದು ನಿಲ್ಲುವ ಎಳೆಗಳದು. ಕೆಲವು ಹೊಕ್ಕು ಹಾಕಿದ ಮೇಲೆ ಈ ಎರಡನೇ ಹಾಸಿನ ಎಳೆಗಳನ್ನು ಮೇಲೆತ್ತಿ, ಅವುಗಳ ಕೆಳಗೆ ತೆಳ್ಳನೆಯ ಲೋಹದ ಕಡ್ಡಿಯೊಂದನ್ನು ಅಡ್ಡಲಾಗಿ ತೂರಿಸುತ್ತಾರೆ. ಮತ್ತೆ ಹೊಕ್ಕು ಹಾಕಿ ಬಿಗಿದಾಗ ಆ ಎಳೆಗಳು ಕಡ್ಡಿಯನ್ನು ಬಳಸಿಕೊಂಡು ಸಾಲಾಗಿ ಕುಣಿಕೆಯಾಗುತ್ತವೆ. ಕಡ್ಡಿಯನ್ನು ಹಾಗೇ ಎಳೆದರೆ ಕುಣಿಕೆ ಕುಣಿಕೆಯಾಗಿಯೇ ಉಳಿಯುತ್ತದೆ. ಕಡ್ಡಿಯ ಬೆನ್ನ ಮೇಲೆ ಉದ್ದಕ್ಕೂ ಒಂದು ಗೀರು ಇರುತ್ತದೆ. ಆ ಗೀರಿನೊಳಗೆ ಸಣ್ಣ ಅಲಗನ್ನು ಓಡಿಸಿದರೆ ಕುಣಿಕೆಗಳು ಕತ್ತರಿಸಿ ಎಳೆಗಳ ತುದಿಗಳು ನೆಟ್ಟಗೆ ನಿಲ್ಲುತ್ತವೆ. ಒಂದೇ ಬಟ್ಟೆಯಲ್ಲಿ ಕೆಲವೆಡೆ ಕತ್ತರಿಸಿ, ಕೆಲವೆಡೆ ಕುಣಿಕೆಯನ್ನೇ ಬಿಟ್ಟು ಹೂ ಎಲೆ ಬಿಡಿಸಿದರೆ ಅದು ಕೆತ್ತಿದ ಮಖಮಲ್. ಒಂದೇ ಬಣ್ಣದ ರೇಷ್ಮೆಯಾದರೂ ಕತ್ತರಿಸಿದ ಕಡೆ ಬಣ್ಣ ಗಾಢವಾಗಿ ಕಾಣುತ್ತದೆ, ಕುಣಿಕೆಯಿರುವ ಕಡೆ ತಿಳಿಯಾಗಿ ಹೊಳೆಯುತ್ತದೆ. ಕೈ ಒಂದು ಕೂದಲೆಳೆಯಷ್ಟು ತಪ್ಪಿ ಅಲಗು ತಳದ ಹಾಸಿಗೆ ತಗುಲಿದರೆ ಆ ಭಾಗ ಕೆಟ್ಟಿತು.

ಇದಕ್ಕಿಂತ ದೊಡ್ಡ ತೊಡಕು ಮಗ್ಗದ ಹಿಂಬದಿಯಲ್ಲಿದೆ. ಹೂವಿರುವ ಜಾಗದಲ್ಲಿ ಎಳೆ ಹೆಚ್ಚು ಖರ್ಚಾಗುತ್ತದೆ, ಬಯಲಿನಲ್ಲಿ ಕಡಿಮೆ. ಪ್ರತಿ ಎಳೆಯೂ ತನ್ನದೇ ವೇಗದಲ್ಲಿ ಸವೆಯುವುದರಿಂದ ಎಲ್ಲವನ್ನೂ ಒಂದೇ ದಿಂಡಿಗೆ ಸುತ್ತಲು ಬರುವುದಿಲ್ಲ. ಅದಕ್ಕಾಗಿ ಮಗ್ಗದ ಹಿಂದೆ ಒಂದು ಚೌಕಟ್ಟು ಕಟ್ಟಿ, ಪ್ರತಿ ಎಳೆಗೂ ಬೇರೆ ಬೇರೆ ಪುಟ್ಟ ಬಾಬಿನ್, ಪ್ರತಿ ಬಾಬಿನ್ನಿಗೂ ಎಳೆತ ಸರಿದೂಗಿಸುವ ಸಣ್ಣ ತೂಕ ಕಟ್ಟುತ್ತಾರೆ. ಅಂಥವು ನೂರಾರು, ಕೆಲವೊಮ್ಮೆ ಸಾವಿರಾರು. ನೇಯ್ಗೆ ಶುರುವಾಗುವ ಮುಂಚೆ ಮಗ್ಗ ಹೂಡುವುದಕ್ಕೇ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಅವಧಿಯ ಕೂಲಿಗೆ ಒಂದಂಗುಲ ಬಟ್ಟೆಯೂ ಹುಟ್ಟುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜರಿಹೂವಿನ ಬಟ್ಟೆಯ ಮಾತು ಬೇರೆ. ಅದನ್ನು ಸಾಮಾನ್ಯವಾಗಿ ಮಗುಚಿ ನೇಯುತ್ತಾರೆ. ಬೆನ್ನು ನೇಕಾರನ ಕಡೆಗೆ, ಮುಖ ನೆಲದ ಕಡೆಗೆ. ಹೂವಿರುವ ಜಾಗದಲ್ಲಿ ಮಾತ್ರ ಬೇರೆ ಬೇರೆ ಬಣ್ಣದ ಪುಟ್ಟ ಲಾಳಿಗಳನ್ನು ಓಡಿಸಬೇಕು, ನಾವು ಬುಟ್ಟಾ ಹಾಕುವಂತೆ. ತಾನು ಬಿಡಿಸುತ್ತಿರುವ ಹೂವಿನ ಮುಖ ನೋಡಬೇಕೆಂದರೆ ನೇಕಾರ ಬಟ್ಟೆಯ ಕೆಳಗೆ ಕನ್ನಡಿ ಹಿಡಿಯಬೇಕು.

ಮಗ್ಗದಲ್ಲಿ ನಕ್ಷೆ ಮೂಡಿಸುವ ಯಂತ್ರಕ್ಕೆ ಜಕಾರ್ಡ್ ಎಂದು ಹೆಸರು. ಆ ಹೆಸರನ್ನು ನಮ್ಮ ದೊಡ್ಡಬಳ್ಳಾಪುರದಲ್ಲೂ ದಿನಕ್ಕೆ ನೂರು ಸಲ ಹೇಳುತ್ತಾರೆ. ಅದು ಲಿಯಾನಿನ ಒಬ್ಬ ಮನುಷ್ಯನ ಹೆಸರು. ಜೋಸೆಫ್ ಮರಿ ಜಕಾರ್ಡ್ ಹುಟ್ಟಿದ್ದು 1752ರಲ್ಲಿ. ಪ್ರೆಲ್ ಮನೆತನ ತನ್ನದೆಂದು ಹೇಳುವ ವರ್ಷವೂ ಅದೇ ಎಂಬುದು ಬರೀ ಕಾಕತಾಳೀಯ. ಎಲ್ಲವನ್ನೂ ಅವನೊಬ್ಬನೇ ಕಂಡುಹಿಡಿದ ಎನ್ನುವುದು ಅತಿಯಾಯಿತು. ನಕ್ಷೆಗೆ ತಕ್ಕ ಎಳೆಗಳನ್ನು ಆರಿಸಿ ಎತ್ತಲು 1725ರಲ್ಲಿ ಬೂಶೋನ್ ತೂತು ಕೊರೆದ ಕಾಗದದ ಸುರುಳಿಯನ್ನು ಬಳಸಿದ್ದ, ಫಾಲ್ಕೋನ್ ಅದನ್ನು ಬಿಡಿ ಕಾರ್ಡುಗಳ ಸರವನ್ನಾಗಿ ಮಾಡಿದ್ದ, 1740ರ ದಶಕದಲ್ಲಿ ವೋಕಾನ್ಸಾನ್ ಅದಕ್ಕೆ ಯಂತ್ರದ ರೂಪ ಕೊಡಲು ಹೊರಟಿದ್ದ. ಜಕಾರ್ಡ್ ಇವನ್ನೆಲ್ಲ ಒಟ್ಟುಗೂಡಿಸಿ 1804ರ ಹೊತ್ತಿಗೆ ನಡೆಯುವ ಯಂತ್ರ ಮಾಡಿದ. ಅದಕ್ಕೂ ಮುಂಚೆ ನಕ್ಷೆಗೆ ತಕ್ಕಂತೆ ಹಗ್ಗದ ಕಟ್ಟುಗಳನ್ನು ಎಳೆಯಲು ಮಗ್ಗದ ಪಕ್ಕದಲ್ಲಿ ಒಬ್ಬರು ದಿನವಿಡೀ ನಿಲ್ಲಬೇಕಿತ್ತು. ಬಹುಮಟ್ಟಿಗೆ ಅವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಭುಜ, ಬೆನ್ನು ಸೊಟ್ಟಗಾಗುತ್ತಿದ್ದ ಕೆಲಸ. ಕಾರ್ಡುಗಳು ಆ ಕೆಲಸವನ್ನು ಕಿತ್ತುಕೊಂಡವು. ಅದಕ್ಕಾಗಿ ಯಾರಾದರೂ ಕಣ್ಣೀರು ಹಾಕಬೇಕೆಂದು ನನಗೆ ಅನ್ನಿಸುವುದಿಲ್ಲ. 1839ರಲ್ಲಿ ಜಕಾರ್ಡನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ಕಾರ್ಡು ಹಿಡಿದವು. ಅದರ ಒಂದು ಪ್ರತಿಯನ್ನು ಲಂಡನ್ನಿನಲ್ಲಿ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಇಟ್ಟುಕೊಂಡಿದ್ದ. ತನ್ನ ಲೆಕ್ಕದ ಯಂತ್ರಕ್ಕೂ ಕಾರ್ಡೇ ದಾರಿ ಎಂದು ಅವನು ನಂಬಿದ್ದ.

ಜಕಾರ್ಡ್ ಯಂತ್ರ ಎತ್ತರದ್ದು. ಮಗ್ಗದ ತಲೆಯ ಮೇಲೆ ಕೂರುವುದರಿಂದ ಸಾಮಾನ್ಯ ಮನೆಯಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಲಿಯಾನಿನ ಕ್ರುವಾ ರೂಸ್ ಎಂಬ ಗುಡ್ಡದ ಮೇಲೆ, ಫ್ರೆಂಚ್ ಕ್ರಾಂತಿಯ ನಂತರ ಮಠಗಳಿಂದ ಕಿತ್ತುಕೊಂಡ ಜಮೀನಿನಲ್ಲಿ, ಸುಮಾರು ನಾಲ್ಕು ಮೀಟರ್ ಎತ್ತರದ ಚಾವಣಿಯ, ಉದ್ದನೆಯ ಕಿಟಕಿಗಳ ಕಟ್ಟಡಗಳು ಎದ್ದವು. ನೇಕಾರನ ಮನೆಯೇ ಕಾರ್ಖಾನೆ. ಕೆಳಗೆ ಮಗ್ಗ, ಮೂಲೆಯಲ್ಲಿ ಮರದ ಅಟ್ಟ ಕಟ್ಟಿ ಮೇಲೆ ಹಾಸಿಗೆ. ಲಿಯಾನಿನಲ್ಲಿ ಈ ನೇಕಾರರನ್ನು ಕಾನ್ಯು ಎನ್ನುತ್ತಿದ್ದರು.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಲಿಯಾನಿನ ರೇಷ್ಮೆಯಲ್ಲಿ ಕುಟುಂಬಗಳು ಎರಡು ಬಗೆಯವು. ವರ್ತಕನ ಕುಟುಂಬ ಒಂದು, ನೇಕಾರನ ಕುಟುಂಬ ಇನ್ನೊಂದು. ವರ್ತಕನ ಬಳಿ ಮಗ್ಗ ಇರಲಿಲ್ಲ. ಅವನು ನೂಲು ಕೊಡುತ್ತಿದ್ದ, ನಕ್ಷೆ ಬರೆಸುತ್ತಿದ್ದ, ಗಿರಾಕಿಯನ್ನು ಹಿಡಿಯುತ್ತಿದ್ದ. ಮಗ್ಗ ಇದ್ದದ್ದು ನೇಕಾರ ಯಜಮಾನನ ಮನೆಯಲ್ಲಿ. ಅವನೂ ಹೆಂಡತಿ ಮಕ್ಕಳೂ ಒಂದಿಬ್ಬರು ಕೂಲಿಯವರೂ ನೇಯುತ್ತಿದ್ದರು. 1831ರ ಹೊತ್ತಿಗೆ ಇಂಥ ಯಜಮಾನರು ಸುಮಾರು 8,000, ಅವರ ಕೆಳಗಿನ ಕೂಲಿ ನೇಕಾರರು ಸುಮಾರು 30,000. ಆ ವರ್ಷ ಅಕ್ಟೋಬರಿನಲ್ಲಿ ಸರ್ಕಾರಿ ಅಧಿಕಾರಿಯ ಮುಂದೆ ಎರಡೂ ಕಡೆಯವರು ಕೂತು ನೇಯ್ಗೆಗೆ ಕನಿಷ್ಠ ದರ ಗೊತ್ತುಮಾಡಿದರು. ವರ್ತಕರಲ್ಲಿ ನೂರಕ್ಕೂ ಹೆಚ್ಚು ಮಂದಿ ಆ ದರಕ್ಕೆ ಒಪ್ಪಲಿಲ್ಲ. ನವೆಂಬರಿನಲ್ಲಿ ಕಾನ್ಯುಗಳು ಗುಡ್ಡದಿಂದ ಇಳಿದು ಬಂದರು. ಅವರ ಕಪ್ಪು ಬಾವುಟದ ಮೇಲೆ ಬರೆದದ್ದು, ದುಡಿದು ಬದುಕುತ್ತೇವೆ ಇಲ್ಲವೇ ಹೋರಾಡಿ ಸಾಯುತ್ತೇವೆ ಎಂದು. ಕೆಲವು ದಿನ ಇಡೀ ಊರು ಅವರ ಕೈಯಲ್ಲಿತ್ತು. ನಂತರ ಸೈನ್ಯ ಬಂತು, ದರ ರದ್ದಾಯಿತು. 1834ರ ಏಪ್ರಿಲಿನಲ್ಲಿ ಮತ್ತೊಮ್ಮೆ ದಂಗೆ, ಈ ಸಲ ಹೆಣಗಳು ಹೆಚ್ಚು ಬಿದ್ದವು. ಆ ವರ್ಷಗಳಲ್ಲಿ ನೇಕಾರರು ತಮ್ಮದೇ ಪತ್ರಿಕೆಯೊಂದನ್ನು ನಡೆಸಿದರು ಎಂಬುದನ್ನು ನಾನು ಎಂದೂ ಹೇಳದೆ ಬಿಡುವುದಿಲ್ಲ. ಬರೆಯಲು ಓದಲು ಬಲ್ಲ, ಲೆಕ್ಕ ಬಲ್ಲ ಕುಶಲಕರ್ಮಿಗಳು ಅವರು.

ದಂಗೆಯಿಂದ ವರ್ತಕರು ಪಾಠ ಕಲಿತರು, ಆದರೆ ನೇಕಾರರು ಬಯಸಿದ ಪಾಠವಲ್ಲ. ಮಗ್ಗಗಳನ್ನು ನಗರದಿಂದ ಹಳ್ಳಿಗಳಿಗೆ ಸಾಗಿಸಿದರು. ಸಾದಾ ಬಟ್ಟೆಯೆಲ್ಲ ಹಳ್ಳಿಗೆ ಹೋಯಿತು, ಕೂಲಿ ಅಲ್ಲಿ ಅಗ್ಗ. 1835ರಲ್ಲಿ ಜ್ಯುಜ್ಯುರಿಯೋ ಎಂಬಲ್ಲಿ ಬೋನೆ ಎಂಬ ಉದ್ಯಮಿ ತೆರೆದ ಕಾರ್ಖಾನೆಯಲ್ಲಿ ಹುಡುಗಿಯರು ಅಲ್ಲೇ ವಾಸವಿದ್ದು ದುಡಿಯುತ್ತಿದ್ದರು, ಮೇಲ್ವಿಚಾರಣೆ ಕ್ರೈಸ್ತ ಸನ್ಯಾಸಿನಿಯರದು. ಗುಡ್ಡದ ಮೇಲೆ ಉಳಿದದ್ದು ಯಂತ್ರಕ್ಕೆ ಬಗ್ಗದ, ನಕ್ಷೆಯ ದುಬಾರಿ ಬಟ್ಟೆ ಮಾತ್ರ.

ಅಷ್ಟರಲ್ಲಿ ಹುಳುವಿಗೇ ರೋಗ ಬಂತು. 1853ರಲ್ಲಿ ಫ್ರಾನ್ಸಿನಲ್ಲಿ ಸುಮಾರು 26,000 ಟನ್ ಗೂಡು ಬೆಳೆದಿದ್ದರೆ 1865ರಲ್ಲಿ ಅದು ಸುಮಾರು 4,000 ಟನ್ನಿಗೆ ಇಳಿಯಿತು. ನಮ್ಮ ರೇಷ್ಮೆ ರೈತರು ಗಂಟುರೋಗ ಎನ್ನುತ್ತಾರಲ್ಲ, ಅದೇ ಮುಖ್ಯ ಕಾರಣ. ಲೂಯಿ ಪಾಶ್ಚರ್ 1865ರಲ್ಲಿ ದಕ್ಷಿಣದ ಅಲೆಸ್ ಊರಿಗೆ ಹೋಗಿ ಕೆಲವು ವರ್ಷ ಇದರ ಬೆನ್ನು ಹತ್ತಿದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು ಎಂಬ ಪದ್ಧತಿ ಅವನದು. ಇವತ್ತು ಕರ್ನಾಟಕದ ಯಾವುದೇ ಮೊಟ್ಟೆ ಉತ್ಪಾದನಾ ಕೇಂದ್ರಕ್ಕೆ ಹೋದರೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತಿರುತ್ತದೆ. ರೋಗರಹಿತ ಮೊಟ್ಟೆ ಎಂದು ರೈತ ಕೊಳ್ಳುವುದು ಅದನ್ನೇ. ಹುಳು ಸಾಕಾಣಿಕೆಗೆ ಪರಿಹಾರ ಸಿಕ್ಕಿತು, ಆದರೆ ಲಿಯಾನಿನ ವರ್ತಕ ಅದಕ್ಕಾಗಿ ಕಾಯಲಿಲ್ಲ. ಜಪಾನ್, ಚೀನಾದ ನೂಲಿಗೆ ಕೈಹಾಕಿದ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲಂತೂ ಅದೇ ಸಲೀಸು. ಫ್ರಾನ್ಸಿನಲ್ಲಿ ನೂಲು ಬಿಚ್ಚುವ ಕೊನೆಯ ಕಾರ್ಖಾನೆ 1965ರಲ್ಲಿ ಮುಚ್ಚಿತು. ಇಂದು ಫ್ರೆಂಚ್ ರೇಷ್ಮೆ ಎಂದು ಮಾರಾಟವಾಗುವುದರ ನೂಲು ಹೆಚ್ಚಾಗಿ ಚೀನಾದ್ದು, ಬ್ರೆಜಿಲಿನದು. ಫ್ರೆಂಚ್ ಆಗಿರುವುದು ನೇಯ್ಗೆ ಮಾತ್ರ, ಅದೂ ಅಲ್ಪಸ್ವಲ್ಪ.

ಸರಿ, ಇಷ್ಟೆಲ್ಲ ಹೋದ ಮೇಲೆ ಕೆಲವು ಮನೆತನಗಳು ಹೇಗೆ ಉಳಿದವು?

ನನ್ನ ಉತ್ತರ ನೇರವಾಗಿದೆ. ಅವರ ಹತ್ತಿರ ಹಳೆಯ ಪುಸ್ತಕಗಳಿದ್ದವು. ಪುಸ್ತಕ ಎಂದರೆ ನೇಯ್ದ ಪ್ರತಿ ಬಟ್ಟೆಯ ತುಣುಕು, ಚೌಕುಳಿ ಕಾಗದದ ಮೇಲೆ ಬರೆದ ನಕ್ಷೆ, ಎಷ್ಟು ಎಳೆ, ಯಾವ ನೂಲು, ಯಾವ ಬಣ್ಣ, ಯಾರಿಗೆ, ಯಾವ ವರ್ಷ ಎಂಬ ದಾಖಲೆ. ನಕ್ಷೆಯೇ ಆಸ್ತಿ ಎಂಬುದು ಲಿಯಾನಿಗೆ ಬಹಳ ಹಿಂದೆಯೇ ಗೊತ್ತಿತ್ತು. 1787ರಲ್ಲೇ ಅರಸನ ಆಜ್ಞೆಯೊಂದು ಉಡುಪಿನ ನಕ್ಷೆಗೆ 6 ವರ್ಷ, ಗೃಹಾಲಂಕಾರದ ನಕ್ಷೆಗೆ 15 ವರ್ಷ ಕಳ್ಳತನದಿಂದ ರಕ್ಷಣೆ ಕೊಟ್ಟಿತು. ಈ ವ್ಯತ್ಯಾಸ ಗಮನಿಸಿ. ಉಡುಪಿನ ಫ್ಯಾಷನ್ ಆರು ವರ್ಷದಲ್ಲಿ ಹಳತಾಗುತ್ತದೆ, ಗೋಡೆಯ ಬಟ್ಟೆ ಅಷ್ಟು ಬೇಗ ಹಳತಾಗುವುದಿಲ್ಲ. 1806ರ ಕಾನೂನಿನಂತೆ ವರ್ತಕರು ತಮ್ಮ ನಕ್ಷೆಯನ್ನು ಮುಚ್ಚಿದ ಲಕೋಟೆಯಲ್ಲಿ ಊರಿನ ಕಾರ್ಮಿಕ ನ್ಯಾಯಮಂಡಳಿಯಲ್ಲಿ ಠೇವಣಿ ಇಡಬಹುದಾಗಿತ್ತು. ಇಂಥ ಊರಿನಲ್ಲಿ ಹಳೆಯ ಮನೆ ಮುಳುಗಿದಾಗ ಇನ್ನೊಂದು ಮನೆ ಅದರ ಕಪಾಟುಗಳನ್ನು ಕೊಳ್ಳುತ್ತದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ರಷ್ಯಾದ ಕ್ಯಾಥರೀನಳಿಗೂ ನಂತರ ನೆಪೋಲಿಯನ್ನನಿಗೂ ಬಟ್ಟೆ ಒದಗಿಸಿದ ಕಮಿಯ್ ಪೆರ್ನೋನ್ ಎಂಬ ವರ್ತಕನ ವ್ಯವಹಾರ ಕೈಯಿಂದ ಕೈಗೆ ದಾಟಿ ಕೊನೆಗೆ ತಸ್ಸಿನಾರಿ ಎ ಶಾತೆಲ್ ಮನೆಗೆ ಬಂದದ್ದು ಹೀಗೆಯೇ.

ಪುಸ್ತಕ ಇದ್ದರೆ ಸಾಲದು, ಯಾರಾದರೂ ಅದೇ ಬಟ್ಟೆ ಬೇಕು ಎಂದು ಕೇಳಬೇಕು. ಲಿಯಾನಿನಲ್ಲಿ ಕೇಳಿದವರು ಹೆಚ್ಚಾಗಿ ಸರ್ಕಾರದವರು. ನೆಪೋಲಿಯನ್ 1810ರ ಸುಮಾರಿಗೆ ವರ್ಸೇಲ್ಸ್ ಅರಮನೆಗೆಂದು ದೊಡ್ಡ ಪ್ರಮಾಣದಲ್ಲಿ ರೇಷ್ಮೆ ನೇಯಲು ಹೇಳಿದ. ಅರಮನೆಗೆ ಅಷ್ಟು ಬೇಕಿತ್ತು ಅಂತಲ್ಲ, ಮಗ್ಗಗಳು ನಿಂತು ಊರಿನಲ್ಲಿ ಗಲಭೆಯಾಗಬಾರದು ಅಂತ. ಅದರಲ್ಲಿ ಎಷ್ಟೋ ಬಟ್ಟೆ ಉಗ್ರಾಣದಲ್ಲೇ ಉಳಿದು, ಅವನ ನಂತರ ಬಂದ ರಾಜರು ಬಳಸಿಕೊಂಡರು. ಸಾಮ್ರಾಟ ಕೈಬಿಚ್ಚಿ ಕೊಡುವವನಾದರೂ ಲೆಕ್ಕದಲ್ಲಿ ಗಟ್ಟಿಗ. ಕೆಲವೇ ವರ್ಷದಲ್ಲಿ ಬಣ್ಣ ಮಾಸಿತೆಂದು ತಕರಾರು ತೆಗೆದ. ಅದರ ಫಲವಾಗಿ ಲಿಯಾನಿನಲ್ಲಿ ಬಣ್ಣದ ರಸಾಯನಶಾಸ್ತ್ರ ಕಲಿಸಲು ಪ್ರಾಧ್ಯಾಪಕರೊಬ್ಬರು ಬಂದರು, ರೇಷ್ಮೆಗೆ ಗಟ್ಟಿಯಾಗಿ ಹಿಡಿಯುವ ಹೊಸ ನೀಲಿ ಬಂತು.

ಎರಡನೇ ಮಹಾಯುದ್ಧದ ನಂತರದ ಕಥೆ ನನಗೆ ಇದೆಲ್ಲಕ್ಕಿಂತ ಮುಖ್ಯ. ವರ್ಸೇಲ್ಸಿನಲ್ಲಿ ರಾಣಿ ಮೇರಿ ಆಂಟಾಯ್ನೆಟ್‌ಳ ಮಲಗುವ ಕೋಣೆಗೆ 1787ರಲ್ಲಿ ಬೇಸಿಗೆಯ ಹೊಸ ರೇಷ್ಮೆ ಹೊದಿಸಿದ್ದರು. ಹೂಗೊಂಚಲು, ರಿಬ್ಬನ್ನು, ನವಿಲುಗರಿ ಇರುವ ಲಿಯಾನಿನ ಬಟ್ಟೆ. ಮರುವರ್ಷ, 1788ರ ಆಗಸ್ಟಿನಲ್ಲಿ, ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು ಅದೇ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಸೈನ್ಯದ ನೆರವಿನ ಜೊತೆಗೆ ಅವರು ಕೇಳಿದ್ದು ಫ್ರಾನ್ಸಿನ ಕುಶಲಕರ್ಮಿಗಳನ್ನು. ರೇಷ್ಮೆ ಹುಳುವನ್ನು ಮೈಸೂರಿನಲ್ಲಿ ಬೆಳೆಸಲು ಹೊರಟಿದ್ದ ದೊರೆಯ ಕಡೆಯವರು ಆ ಗೋಡೆಗಳನ್ನು ಯಾವ ಕಣ್ಣಿನಿಂದ ನೋಡಿರಬಹುದು! ಐದು ವರ್ಷ ಕಳೆಯುವಷ್ಟರಲ್ಲಿ ಕ್ರಾಂತಿಯವರು ಅರಮನೆಯ ಸಾಮಾನುಗಳನ್ನೆಲ್ಲ ಹರಾಜಿಗಿಟ್ಟರು, ಕೋಣೆಗಳು ಬರಿದಾದವು.

ಇಪ್ಪತ್ತನೇ ಶತಮಾನದಲ್ಲಿ ಆ ಕೋಣೆಯನ್ನು ಹಿಂದೆ ಇದ್ದಂತೆಯೇ ಮಾಡಬೇಕೆಂದು ತೀರ್ಮಾನವಾಯಿತು. 1953ರಿಂದ 1980ರವರೆಗೆ ವರ್ಸೇಲ್ಸಿನ ಮುಖ್ಯಸ್ಥರಾಗಿದ್ದ ಜೆರಾಲ್ಡ್ ವಾನ್ ಡೆರ್ ಕೆಂಪ್ ಈ ವಿಷಯದಲ್ಲಿ ಹಠಮಾರಿ. ಹೋಲುವ ಬಟ್ಟೆ ಬೇಡ, ಅದೇ ಬಟ್ಟೆ ಬೇಕು. ಅದೇ ನಕ್ಷೆ, ಅಷ್ಟೇ ಎಳೆ, ಅದೇ ಅಗಲ. ಲಿಯಾನಿನ ಹಳೆಯ ಅಲಂಕಾರ ರೇಷ್ಮೆಯ ಅಗಲ 54 ಸೆಂಟಿಮೀಟರ್. ಯಂತ್ರದ ಮಗ್ಗದಲ್ಲಿ 130 ಸೆಂಟಿಮೀಟರ್ ಸುಲಭ. ಆದರೆ ಅಗಲ ಬದಲಾದರೆ ಗೋಡೆಯ ಮೇಲೆ ಹೊಲಿಗೆಯ ಗೆರೆ ಬೀಳುವ ಜಾಗ ಬದಲಾಗುತ್ತದೆ, ನಕ್ಷೆ ಮರುಕಳಿಸುವ ಲಯ ಕೆಡುತ್ತದೆ. ಬಣ್ಣಕ್ಕೆ ಹಳೆಯ ತುಣುಕುಗಳ ಮಡಿಕೆಯೊಳಗೆ, ಬೆಳಕು ಬೀಳದೆ ಉಳಿದ ಅಂಚುಗಳಲ್ಲಿ ಹುಡುಕಬೇಕು. ಇಂಥ ಕೆಲಸ ಕೈಮಗ್ಗವಿಲ್ಲದೆ ಆಗುವುದಿಲ್ಲ. ಲಿಯಾನಿನ ಹಳೆಯ ಮನೆಗಳಿಗೆ ದಶಕಗಳ ಕಾಲ ಆರ್ಡರು ಸಿಕ್ಕಿತು. ಕೈಮಗ್ಗ ಉಳಿದದ್ದು ಯಾರದೋ ಕರುಣೆಯಿಂದಲ್ಲ, ರಾಜಿಯಾಗದ ಗಿರಾಕಿಯಿಂದ. ಆ ಗಿರಾಕಿ "ಹತ್ತಿರ ಹತ್ತಿರ ಇದ್ದರೆ ಸಾಕು" ಎಂದಿದ್ದರೆ ಅಂದೇ ಯಂತ್ರದ ಮಗ್ಗ ಗೆದ್ದಿರುತ್ತಿತ್ತು.

ಹಾಗಾದರೆ ಕುಟುಂಬ ಮಾಡಿದ್ದೇನು? ಕಾದದ್ದು. ಎರಡು ಆರ್ಡರುಗಳ ನಡುವೆ ಹಲವು ವರ್ಷ ಏನೂ ಇಲ್ಲದಿರಬಹುದು. ಮಗ್ಗ ಹೂಡುವ ತಿಂಗಳುಗಳಲ್ಲಿ ಒಂದಂಗುಲ ಬಟ್ಟೆಯೂ ಹುಟ್ಟುವುದಿಲ್ಲ ಎಂದು ಆಗಲೇ ಹೇಳಿದೆ. ಮೂರು ತಿಂಗಳಿಗೊಮ್ಮೆ ಲಾಭ ಕೇಳುವ ಷೇರುದಾರನಿಗೆ ಇದನ್ನು ಒಪ್ಪಿಸುವುದು ಕಷ್ಟ. ಕುಟುಂಬವಾದರೆ ಯಂತ್ರದ ಮಗ್ಗದಲ್ಲಿ ಬಂದದ್ದನ್ನು ಕೈಮಗ್ಗದ ಮೇಲೆ ಸುರಿಯಬಹುದು. ಪ್ರೆಲ್ ಮನೆಯ ಕ್ರುವಾ ರೂಸ್ ಕಾರ್ಯಾಗಾರದಲ್ಲಿ ಕೈಮಗ್ಗ, ವಿದ್ಯುತ್ ಮಗ್ಗ ಎರಡೂ ಒಂದೇ ಸೂರಿನಡಿ ಇವೆ. ಇಲ್ಲಿ ಭಾವುಕತೆಯಷ್ಟೇ ಲೆಕ್ಕಾಚಾರವೂ ಇದೆ. ಕೈಮಗ್ಗದ ಹೆಸರು ವಿದ್ಯುತ್ ಮಗ್ಗದ ಬಟ್ಟೆಯ ಬೆಲೆ ಏರಿಸುತ್ತದೆ, ಆ ಬಟ್ಟೆಯ ಲಾಭ ಕೈಮಗ್ಗವನ್ನು ನಡೆಸುತ್ತದೆ.

ಸರ್ಕಾರ ಇನ್ನೊಂದು ಬಾಗಿಲಿನಿಂದಲೂ ನೆರವಾಗುತ್ತದೆ. ಫ್ರಾನ್ಸಿನಲ್ಲಿ ಉತ್ತರಾಧಿಕಾರದ ತೆರಿಗೆ ಭಾರಿ. ತಂದೆ ತೀರಿಕೊಂಡಾಗ ತೆರಿಗೆ ಕಟ್ಟಲು ಮಕ್ಕಳು ಕಂಪನಿಯನ್ನೇ ಮಾರಬೇಕಾದ ಸಂದರ್ಭಗಳಿದ್ದವು. 2003ರಲ್ಲಿ ಬಂದ ದ್ಯುತ್ರೈ ಕಾನೂನು, ಪಾಲನ್ನು ಇಷ್ಟು ವರ್ಷ ಮಾರುವುದಿಲ್ಲ ಎಂದು ಬರೆದುಕೊಡುವ ಕುಟುಂಬಕ್ಕೆ ದೊಡ್ಡ ವಿನಾಯಿತಿ ಕೊಟ್ಟಿತು. ಈಗ ಕಂಪನಿಯ ಮೌಲ್ಯದ 75 ಶೇಕಡಕ್ಕೆ ತೆರಿಗೆ ಇಲ್ಲ. 2005ರಲ್ಲಿ ಜೀವಂತ ಪರಂಪರೆಯ ಸಂಸ್ಥೆ ಎಂಬ ಸರ್ಕಾರಿ ಮುದ್ರೆ ಬಂತು. ಮುದ್ರೆಗಿಂತ ತೆರಿಗೆ ವಿನಾಯಿತಿಯೇ ಹೆಚ್ಚು ಮಗ್ಗಗಳನ್ನು ಉಳಿಸಿದೆ ಎಂಬುದು ನನ್ನ ಊಹೆ. ಪರಂಪರೆಯ ಭಾಷಣಗಳಲ್ಲಿ ತೆರಿಗೆಯ ಮಾತು ಬರುವುದೇ ಇಲ್ಲ.

ಇನ್ನು ನೇಕಾರನ ಕುಟುಂಬ. ಅದು ಉಳಿಯಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮನೆಮಗ್ಗಗಳು ಒಂದೊಂದಾಗಿ ನಿಂತವು. ಆಮೇಲೆ ಕೃತಕ ರೇಷ್ಮೆ ಬಂತು, ಮೂವತ್ತರ ದಶಕದ ಮುಗ್ಗಟ್ಟು ಬಂತು. ಮನೆಯಲ್ಲಿ ನೇಯುವವರು ಸಿಗದಾದಾಗ ವರ್ತಕರ ಸಂಸ್ಥೆಗಳೇ ಕೈಮಗ್ಗಗಳನ್ನು ತಮ್ಮ ಕಾರ್ಯಾಗಾರಕ್ಕೆ ತಂದುಕೊಂಡು ನೇಕಾರರನ್ನು ಸಂಬಳಕ್ಕೆ ಇಟ್ಟುಕೊಂಡವು. ಮೂರು ಶತಮಾನ ಮಗ್ಗವಿಲ್ಲದೆ ವ್ಯವಹಾರ ಮಾಡಿದವರು ಕೊನೆಗೆ ಮಗ್ಗದ ಕಾವಲುಗಾರರಾದರು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ತಿಂಗಳ ಸಂಬಳ, ರಜೆ, ಪಿಂಚಣಿ ಇರುವ ನೇಕಾರನ ಸ್ಥಿತಿ 1831ರ ಕಾನ್ಯುವಿನ ಸ್ಥಿತಿಗಿಂತ ಎಷ್ಟೋ ಮೇಲು. ಆದರೆ ಸಂಸ್ಥೆಯ ಬಾಗಿಲ ಮೇಲೆ ಕೆತ್ತಿದ ಹೆಸರು ವರ್ತಕನದು. ನೇಕಾರನ ಹೆಸರು, ಒಂದೆರಡು ಅಪವಾದ ಬಿಟ್ಟರೆ, ಆ ಪುಸ್ತಕಗಳಲ್ಲೂ ಸಿಗುವುದು ಅಪರೂಪ.

ನೇಕಾರರು ತಾವಾಗಿಯೇ ಪ್ರಯತ್ನಿಸಲಿಲ್ಲವೆಂದಲ್ಲ. ಕ್ರುವಾ ರೂಸಿನಲ್ಲಿ ಈಗ ಪ್ರವಾಸಿಗರು ಮಗ್ಗ ನೋಡಲು ಹೋಗುವ ಕಾನ್ಯುಗಳ ಮನೆ ಎಂಬ ವಸ್ತುಸಂಗ್ರಹಾಲಯವನ್ನು 1970ರಲ್ಲಿ ತೆರೆದದ್ದು ನೇಕಾರರ ಸಹಕಾರ ಸಂಘವೇ. ಸಂಘ ಕೊನೆಗೆ ಉಳಿಯಲಿಲ್ಲ, ಸಂಗ್ರಹಾಲಯ ಖಾಸಗಿಯವರ ಕೈಗೆ ಹೋಗಿ ಉಳಿದುಕೊಂಡಿದೆ. ಅದೇ ಗುಡ್ಡದಲ್ಲಿ 1993ರಲ್ಲಿ ಶುರುವಾದ ಸುವಾಯೆರಿ ವಿವಾಂತ್ ಎಂಬ ಸಂಸ್ಥೆ ಹಳೆಯ ಮನೆಕಾರ್ಯಾಗಾರಗಳನ್ನು ಇದ್ದಲ್ಲೇ, ಮಗ್ಗ ಕದಲಿಸದೆ ಕಾಪಾಡುತ್ತಿದೆ. ನೋಡಲು ಹೋಗುವವರಿದ್ದರೆ ನನ್ನ ಸಲಹೆ, ಅರಮನೆಗೂ ಮುಂಚೆ ಅಲ್ಲಿಗೆ ಹೋಗಿ.

ಉಪನ್ಯಾಸದ ನಂತರ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ನಮ್ಮ ಮೈಸೂರು ರೇಷ್ಮೆಯನ್ನು ಸರ್ಕಾರವೇ ನಡೆಸುತ್ತಿದೆಯಲ್ಲ, ಅದು ಮೇಲೋ, ಕುಟುಂಬ ನಡೆಸುವುದು ಮೇಲೋ? ಮೈಸೂರಿನ ಕಾರ್ಖಾನೆಯನ್ನು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಸ್ಥಾಪಿಸಿದರು. ಶುರುವಿನಿಂದಲೇ ಅದು ವಿದ್ಯುತ್ ಮಗ್ಗದ ಕಾರ್ಖಾನೆ, ಈಗ ಹೆಸರಾಗಿರುವುದು ಸೀರೆಗೆ. ಲಿಯಾನಿನ ಮನೆಗಳೊಂದಿಗೆ ಅದನ್ನು ತೂಗುವುದು ನ್ಯಾಯವಲ್ಲ. ಮೈಸೂರು ಸೀರೆಗೆ ಬೆಳಗಿನ ಜಾವದಿಂದ ಸಾಲು ನಿಲ್ಲುವ ಜನರಿದ್ದಾರೆ. ಲಿಯಾನಿನ ಮಖಮಲ್ಲಿಗೆ ಅಂಥ ಸಾಲು ಯಾವತ್ತೂ ಇರಲಿಲ್ಲ, ಇರುವುದೂ ಇಲ್ಲ. ಜನ ಉಡುವ ಬಟ್ಟೆಗೆ ಜನರೇ ಪೋಷಕರು, ಅರಮನೆಯ ಗೋಡೆಯ ಬಟ್ಟೆಗೆ ಬೇರೆ ಪೋಷಕರು ಬೇಕು. ಯಾರು ನಡೆಸುತ್ತಾರೆ ಎಂಬುದಕ್ಕಿಂತ ಗಿರಾಕಿ ಯಾರು ಎಂದು ಮೊದಲು ಕೇಳಿಕೊಳ್ಳಿ ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹಿರಿಯ ನೇಕಾರರೊಬ್ಬರು ಎದ್ದು, "ಅಲ್ಲಿನ ನೇಕಾರರ ಮಕ್ಕಳು ಮಗ್ಗಕ್ಕೆ ಬರುತ್ತಾರೆಯೇ ಸ್ವಾಮಿ?" ಎಂದು ಕೇಳಿದರು. ಬರುವುದಿಲ್ಲ. ಈಗ ಅಲ್ಲಿ ಕೈಮಗ್ಗಕ್ಕೆ ಬರುವವರು ಹೆಚ್ಚಾಗಿ ವಸ್ತ್ರಕಲೆಯನ್ನು ಓದಿ, ಇಷ್ಟಪಟ್ಟು ಆ ದಾರಿ ಹಿಡಿದ ತರುಣ ತರುಣಿಯರು. ಶಾಲೆಯಲ್ಲಿ ಕಲಿತದ್ದು ಇಲ್ಲಿಗೆ ಸಾಲುವುದಿಲ್ಲ. ಮಖಮಲ್ಲಿನ ಅಲಗು ಹಿಡಿಯುವುದನ್ನು ಸಂಸ್ಥೆಯೊಳಗೇ, ಹಳಬರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಕಲಿಯಬೇಕು. ಫ್ರಾನ್ಸ್ ಸರ್ಕಾರ 1994ರಲ್ಲಿ, ಜಪಾನಿನ ಪದ್ಧತಿಯಿಂದ ಪ್ರೇರಿತವಾಗಿ, ಕಲಾ ಗುರು ಎಂಬ ಬಿರುದನ್ನು ತಂದಿತು. ಬಿರುದು ಪಡೆದ ಕುಶಲಕರ್ಮಿ ಒಬ್ಬ ಶಿಷ್ಯನಿಗೆ ತನ್ನ ವಿದ್ಯೆಯನ್ನು ಧಾರೆಯೆರೆಯಬೇಕು, ಅದಕ್ಕೆ ಸರ್ಕಾರ ಮೂರು ವರ್ಷ ಸಹಾಯಧನ ಕೊಡುತ್ತದೆ. ಕಂಪನಿ ತಂದೆಯಿಂದ ಮಗನಿಗೆ ಹೋಗಲು 75 ಶೇಕಡ ವಿನಾಯಿತಿ, ಕೈಯ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಹೋಗಲು ಮೂರು ವರ್ಷದ ನೆರವು ಎಂದೆ. ಅವರು ನಕ್ಕು, "ಮೂರು ವರ್ಷದಲ್ಲಿ ಹುಡುಗ ಹರಿದ ಎಳೆ ಸರಿಯಾಗಿ ಕಟ್ಟಲು ಕಲಿತರೆ ಹೆಚ್ಚು" ಎಂದರು.